ಓದುಗರ ಪ್ರಶ್ನೆ, ನಮ್ಮ ಉತ್ತರ: ನೀರಿನ ಆಮ್ಲತೆಯನ್ನು ಟೈಟ್ರೇಶನ್ ಮೂಲಕ ಅಳೆಯುವುದು

ಬಾವಿ ಮತ್ತು ಹಳ್ಳದ ನೀರಿನ ಆಮ್ಲತೆಯನ್ನು ಪ್ರಯೋಗಾಲಯದಲ್ಲಿ ಟೈಟ್ರೇಶನ್ ಮೂಲಕ, ಅಂದರೆ ಗೊತ್ತಾದ ಸಾಮರ್ಥ್ಯದ ಪ್ರತ್ಯಾಮ್ಲವನ್ನು ಬ್ಯುರೆಟ್ ಎಂಬ ಅಳತೆಗೊಳವೆಯಿಂದ ಹನಿಹನಿಯಾಗಿ ಸೇರಿಸಿ, ಅಳೆಯುವ ಬಗ್ಗೆ ಬಂದ ಪತ್ರಗಳಿಂದ ಕೆಲವು ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ್ದ ಪತ್ರಗಳನ್ನು ಒಟ್ಟು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಪಿಎಚ್ ಮೀಟರಿನ ಎಲೆಕ್ಟ್ರೋಡನ್ನು ನೀರಿಗೆ ಅದ್ದಿದರೆ ಒಂದೆರಡು ನಿಮಿಷದಲ್ಲಿ ನೀರು ಆಮ್ಲೀಯವೋ ಅಲ್ಲವೋ ತಿಳಿದುಬಿಡುತ್ತದೆ. ಹೀಗಿರುವಾಗ ಬ್ಯುರೆಟ್ ತುಂಬಿಸಿ ಟೈಟ್ರೇಶನ್ ಮಾಡುವ ಅಗತ್ಯವೇನು? (ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಪಿಎಚ್ ಮತ್ತು ಆಮ್ಲತೆ ಎರಡೂ ಬೇರೆ ಬೇರೆ ಅಳತೆಗಳು. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೋರೆನ್‌ಸೆನ್ ರೂಪಿಸಿದ ಪಿಎಚ್ ಮಾನವು ಅಳೆಯುವ ಆ ಹೊತ್ತಿನಲ್ಲಿ ನೀರಿನಲ್ಲಿ ಬಿಡಿಯಾಗಿ ಓಡಾಡುತ್ತಿರುವ ಹೈಡ್ರೋಜನ್ ಅಯಾನುಗಳು ಎಷ್ಟಿವೆ ಎಂಬುದನ್ನಷ್ಟೇ ಹೇಳುತ್ತದೆ; ಅವು ಹೆಚ್ಚಿದಷ್ಟೂ ಪಿಎಚ್ ಸಂಖ್ಯೆ ಕಡಿಮೆ. ಆಮ್ಲತೆ ಎಂದರೆ, ಆ ನೀರು ಒಂದು ಗೊತ್ತಾದ ಪಿಎಚ್ ಮುಟ್ಟುವವರೆಗೆ ಒಟ್ಟು ಎಷ್ಟು ಪ್ರತ್ಯಾಮ್ಲವನ್ನು ತನ್ನೊಳಗೆ ಸೇರಿಸಿಕೊಳ್ಳಬಲ್ಲದು ಎಂಬ ಲೆಕ್ಕ. ಈಗ ಬಿಡಿಯಾಗಿಲ್ಲದಿದ್ದರೂ, ಪ್ರತ್ಯಾಮ್ಲ ಬಿದ್ದಂತೆಲ್ಲ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಡಲು ಸಿದ್ಧವಾಗಿರುವ ವಸ್ತುಗಳೆಲ್ಲವೂ ಈ ಲೆಕ್ಕಕ್ಕೆ ಬರುತ್ತವೆ.

ಎರಡು ನೀರುಗಳನ್ನು ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿ ನೋಡಿ. ಮೊದಲನೆಯದು ಡಿಸ್ಟಿಲ್ಡ್ ನೀರಿಗೆ ತುಸುವೇ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಪಿಎಚ್ 4ಕ್ಕೆ ತಂದದ್ದು. ಎರಡನೆಯದು ಲೀಟರಿಗೆ 44 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಕರಗಿರುವ, ಅಣುಗಳ ಲೆಕ್ಕದಲ್ಲಿ ಅದಕ್ಕೆ ಸಮನಾದ ಬೈಕಾರ್ಬೊನೇಟ್ ಸಹ ಇರುವ ಬಾವಿ ನೀರು; ಅದರ ಪಿಎಚ್ ಸುಮಾರು 6.35. ಮೀಟರ್ ನೋಡಿದವರು ಮೊದಲನೆಯದೇ ಹೆಚ್ಚು ಆಮ್ಲೀಯ ಎನ್ನುತ್ತಾರೆ, ಮತ್ತು ಪಿಎಚ್ ದೃಷ್ಟಿಯಿಂದ ಅದು ಸರಿಯೇ. ಆದರೆ ಎರಡರಿಂದಲೂ 100 ಮಿಲಿಲೀಟರ್ ತೆಗೆದುಕೊಂಡು 0.02 ನಾರ್ಮಲ್ (ದ್ರಾವಣದ ಸಾಮರ್ಥ್ಯದ ಮಾನ) ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 8.3ರವರೆಗೆ ಟೈಟ್ರೇಟ್ ಮಾಡಿದರೆ, ಮೊದಲನೆಯದಕ್ಕೆ ಸುಮಾರು 0.5 ಮಿಲಿಲೀಟರ್ ಸಾಕಾಗುತ್ತದೆ, ಎರಡನೆಯದಕ್ಕೆ 5 ಮಿಲಿಲೀಟರ್ ಬೇಕಾಗುತ್ತದೆ. ಮೀಟರಿನಲ್ಲಿ ಸೌಮ್ಯವಾಗಿ ಕಂಡ ಬಾವಿ ನೀರಿನ ಆಮ್ಲತೆ ಹತ್ತು ಪಟ್ಟು ಹೆಚ್ಚು. ನೀರಿಗೆ ಎಷ್ಟು ಸುಣ್ಣ ಹಾಕಬೇಕು, ಕೊಳವೆಗಳನ್ನು ಅದು ಎಷ್ಟು ಕಾಲ ಕೊರೆಯುತ್ತಾ ಹೋಗಬಲ್ಲದು ಎಂಬ ಪ್ರಶ್ನೆಗಳಿಗೆ ಬ್ಯುರೆಟ್ ಕೊಡುವ ಸಂಖ್ಯೆಯೇ ಬೇಕು.

ಪ್ರಶ್ನೆ: ನಮ್ಮ ಮನೆಯ ತೆರೆದ ಬಾವಿ ಮುರಕಲ್ಲಿನಲ್ಲಿ (ಲ್ಯಾಟರೈಟ್) ತೋಡಿದ್ದು. ಅದರ ನೀರನ್ನು ಎರಡು ಕಡೆ ಪರೀಕ್ಷೆ ಮಾಡಿಸಿದೆವು. ಒಂದು ವರದಿಯಲ್ಲಿ ಆಮ್ಲತೆ ಲೀಟರಿಗೆ 46 ಮಿಲಿಗ್ರಾಂ ಎಂದಿದೆ, ಇನ್ನೊಂದರಲ್ಲಿ 18. ಎರಡೂ ಬಾಟಲಿಗಳನ್ನು ಒಂದೇ ದಿನ ತುಂಬಿಸಿದ್ದೆವು, ಎರಡನೆಯದನ್ನು ಮಾತ್ರ ಮೂರು ದಿನ ಬಿಟ್ಟು ಕೊಟ್ಟೆವು. ಯಾರನ್ನು ನಂಬುವುದು? (ಕೃಷಿಕರು, ಬಂಟ್ವಾಳ ತಾಲ್ಲೂಕು)

ಉತ್ತರ: ಯಾರನ್ನೂ ಸಂಶಯಿಸುವ ಮೊದಲು ಎರಡೂ ವರದಿಗಳಲ್ಲಿ ಪಿಎಚ್ ಮತ್ತು ಕ್ಷಾರತೆಯ (ನೀರು ಆಮ್ಲವನ್ನು ತಣಿಸಬಲ್ಲ ಶಕ್ತಿ) ಸಾಲುಗಳನ್ನು ನೋಡಿ. ಕ್ಷಾರತೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇದ್ದು, ಎರಡನೆಯ ವರದಿಯ ಪಿಎಚ್ ಸುಮಾರು 0.4ರಷ್ಟು ಮೇಲಿದ್ದರೆ, ಇಬ್ಬರೂ ತಮ್ಮ ಮುಂದಿದ್ದ ನೀರನ್ನು ಸರಿಯಾಗಿಯೇ ಅಳೆದಿದ್ದಾರೆ. ಬಾಟಲಿಯಲ್ಲಿದ್ದ ನೀರೇ ಅಷ್ಟರಲ್ಲಿ ಬದಲಾಗಿತ್ತು. ಈ 0.4 ಎಲ್ಲಿಂದ ಬಂತೆಂದರೆ, ಕ್ಷಾರತೆ ಬದಲಾಗದೆ ಇಂಗಾಲದ ಡೈಆಕ್ಸೈಡ್ ಮಾತ್ರ ಅರ್ಧಕ್ಕೆ ಇಳಿದಾಗ ಪಿಎಚ್ 0.3ರಷ್ಟು ಏರುತ್ತದೆ, 46ರಿಂದ 18ಕ್ಕೆ ಇಳಿದರೆ ಏರಿಕೆ ಅದಕ್ಕಿಂತ ಸ್ವಲ್ಪ ಹೆಚ್ಚು.

ಕರಾವಳಿಯ ಮುರಕಲ್ಲಿನ ಬಾವಿಗಳಲ್ಲಿ ಆಮ್ಲತೆಯ ಬಹುಪಾಲು ಈ ಅನಿಲದ್ದೇ. ಬೇರುಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್ ಮಣ್ಣಿನೊಳಗಿನ ಗಾಳಿಯಲ್ಲಿ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಮಳೆಗಾಲದಲ್ಲಿ ಇಂಗುವ ನೀರು ಅದನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಸುಣ್ಣಕಲ್ಲಿನ ನೆಲವಾಗಿದ್ದರೆ ಅದು ಅಲ್ಲಿಯೇ ಕಲ್ಲನ್ನು ಕರಗಿಸಿ ತಣಿಯುತ್ತಿತ್ತು. ಮುರಕಲ್ಲಿನಿಂದ ಸುಣ್ಣದ ಅಂಶ ಎಂದೋ ತೊಳೆದುಹೋಗಿರುವುದರಿಂದ ನೀರು ಹಾಗೆಯೇ ಬಾವಿಗೆ ಬರುತ್ತದೆ. ಗಾಳಿಯೊಂದಿಗೆ ಸಮತೋಲದಲ್ಲಿರುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂಗಿಂತಲೂ ಕಡಿಮೆ ಇಂಗಾಲದ ಡೈಆಕ್ಸೈಡ್ ನಿಲ್ಲುತ್ತದೆ. ನಿಮ್ಮ ಬಾವಿ ನೀರಿನಲ್ಲಿ 40ರ ಆಸುಪಾಸಿನಲ್ಲಿದೆ (ವರದಿಯ 46 ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದ್ದು; ಅದರ ವಿವರ ಮುಂದಿದೆ). ಆದ್ದರಿಂದ ಹೊರಗಿನ ಗಾಳಿ ಸೋಕಿದ ಕೂಡಲೇ ಅನಿಲ ಹೊರಟುಹೋಗಲು ಆರಂಭಿಸುತ್ತದೆ: ಕೊಡಪಾನದಿಂದ ಬಾಟಲಿಗೆ ಎತ್ತರದಿಂದ ಸುರಿದಾಗ ಒಂದಿಷ್ಟು, ಅರ್ಧ ತುಂಬಿದ ಬಾಟಲಿ ಬಸ್ಸಿನಲ್ಲಿ ಕುಲುಕಾಡಿದಾಗ ಇನ್ನಷ್ಟು, ಬಿಸಿಲಿಗೆ ಬೆಚ್ಚಗಾದಾಗ ಮತ್ತಷ್ಟು. ಬ್ಯುರೆಟ್ಟಿನಲ್ಲಿ 0.1 ಮಿಲಿಲೀಟರ್ ತಪ್ಪಾಗಿ ಓದಿದರೆ ಉತ್ತರದಲ್ಲಿ ಲೀಟರಿಗೆ 1 ಮಿಲಿಗ್ರಾಂ ವ್ಯತ್ಯಾಸ ಬರುತ್ತದೆ. ಬಾಟಲಿಯನ್ನು ತಪ್ಪಾಗಿ ತುಂಬಿದರೆ 28 ಮಿಲಿಗ್ರಾಂ ಮಾಯವಾಗಬಹುದು ಎಂಬುದಕ್ಕೆ ನಿಮ್ಮ ವರದಿಗಳೇ ಸಾಕ್ಷಿಯಾಗಬಹುದು. ಇಷ್ಟಾದರೂ ನೀರಿನ ಪರೀಕ್ಷೆಯ ಬಗ್ಗೆ ಮಾತನಾಡುವಾಗ ನಾವೆಲ್ಲ ಉಪಕರಣದ ಬಗ್ಗೆ ಕೇಳುವಷ್ಟು ಬಾಟಲಿಯ ಬಗ್ಗೆ ಕೇಳುವುದಿಲ್ಲ. ಇದು ಬದಲಾಗಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮುಂದಿನ ಸಲ ಹೀಗೆ ಮಾಡಿ. ಪಂಪ್ ಇದ್ದರೆ ಟ್ಯಾಂಕಿನ ನೀರನ್ನು ಹಿಡಿಯದೆ, ಪಂಪಿಗೆ ನೇರವಾಗಿ ಸೇರಿದ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಡಿ. ನಲ್ಲಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ, ಅದರ ತುದಿ ಬಾಟಲಿಯ ತಳ ಮುಟ್ಟುವಂತೆ ಇಳಿಬಿಟ್ಟು, ನೀರನ್ನು ಸಣ್ಣಗೆ ಬಿಡಿ. ನೀರು ಗುಳುಗುಳು ಸದ್ದು ಮಾಡದೆ ತಳದಿಂದ ಮೇಲೇರಿ ಬರಬೇಕು. ಬಾಟಲಿ ತುಂಬಿದ ಮೇಲೂ ಎರಡು ಮೂರು ಬಾಟಲಿಯಷ್ಟು ನೀರು ಹೊರಚೆಲ್ಲಲಿ. ಆಮೇಲೆ ಕೊಳವೆಯನ್ನು ನಿಧಾನವಾಗಿ ಹೊರತೆಗೆದು, ಬಾಯಿಯಲ್ಲಿ ನೀರು ಉಬ್ಬಿ ನಿಂತಿರುವಾಗಲೇ ಮುಚ್ಚಳ ತಿರುಗಿಸಿ. ತಲೆಕೆಳಗು ಹಿಡಿದು ನೋಡಿದಾಗ ಒಂದು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ಹಿಡಿಯಿರಿ. ಪಂಪ್ ಇಲ್ಲದ ಬಾವಿಯಾದರೆ ಬಾಟಲಿಗೆ ಭಾರ ಕಟ್ಟಿ ನೀರಿನೊಳಕ್ಕೆ ಇಳಿಸಿ ತುಂಬಿಸಿ, ಸೇದುವ ಕೊಡದಿಂದ ಸುರಿಯಬೇಡಿ. ಬಾಟಲಿಯನ್ನು ಮಂಜುಗಡ್ಡೆ ಹಾಕಿದ ಪೆಟ್ಟಿಗೆಯಲ್ಲಿಟ್ಟು ಅಂದೇ, ತಪ್ಪಿದರೆ 24 ಗಂಟೆಯೊಳಗೆ, ಪ್ರಯೋಗಾಲಯಕ್ಕೆ ಮುಟ್ಟಿಸಿ. ಸಾಧ್ಯವಾದರೆ ಬಾವಿಯ ಬಳಿಯೇ ಪಿಎಚ್ ಅಳೆದು ಚೀಟಿಯಲ್ಲಿ ಬರೆದು ಅಂಟಿಸಿ. ಟೈಟ್ರೇಶನ್‌ಗೆ ತುಸು ಮೊದಲು ಪ್ರಯೋಗಾಲಯದವರು ಅಳೆಯುವ ಪಿಎಚ್ ಅದಕ್ಕಿಂತ ಮೇಲಿದ್ದರೆ ದಾರಿಯಲ್ಲಿ ಅನಿಲ ಹೋಗಿದೆ ಎಂದೇ ಅರ್ಥ. ಅನಿಲ ಹೋದರೂ ಕ್ಷಾರತೆ ಹಾಗೆಯೇ ಉಳಿಯುವುದರಿಂದ, ಬಾವಿಯ ಬಳಿ ಬರೆದುಕೊಂಡ ಪಿಎಚ್ ಮತ್ತು ಆ ಕ್ಷಾರತೆಯಿಂದ ಮೂಲದಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ಲೆಕ್ಕ ಹಾಕಿಕೊಳ್ಳಲೂ ಬಹುದು.

ಸದ್ಯಕ್ಕೆ 46ನ್ನೇ ಇಟ್ಟುಕೊಳ್ಳಿ. ಬಾವಿಯಲ್ಲಿ ಅದು ಇನ್ನೂ ಹೆಚ್ಚಿದ್ದಿರಬಹುದು.

ಪ್ರಶ್ನೆ: ಫಿನಾಲ್ಫ್ಥಲೀನ್ ಸೂಚಕ (ಪಿಎಚ್ 8.3ರ ಸುಮಾರಿಗೆ ಗುಲಾಬಿಯಾಗುವ ವಸ್ತು) ಹಾಕಿ ಟೈಟ್ರೇಟ್ ಮಾಡುವಾಗ ಗುಲಾಬಿ ಬಣ್ಣ ಬಂದು ಕೆಲವೇ ಕ್ಷಣಗಳಲ್ಲಿ ಮಾಸಿಹೋಗುತ್ತದೆ. ಮತ್ತೆರಡು ಹನಿ ಹಾಕಿದರೆ ಬರುತ್ತದೆ, ಮತ್ತೆ ಹೋಗುತ್ತದೆ. ಎಲ್ಲಿ ನಿಲ್ಲಿಸಬೇಕು? ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಸಾಮರ್ಥ್ಯವನ್ನು ಪದೇ ಪದೇ ನಿಗದಿಪಡಿಸಬೇಕೆನ್ನುವುದು ಏಕೆ? (ಪ್ರಯೋಗಾಲಯ ಸಹಾಯಕರು, ಧಾರವಾಡ)

ಉತ್ತರ: ಕರಗಿದ ಇಂಗಾಲದ ಡೈಆಕ್ಸೈಡ್ ಪ್ರತ್ಯಾಮ್ಲದೊಂದಿಗೆ ವರ್ತಿಸುವುದು ಖನಿಜಾಮ್ಲಗಳಷ್ಟು (ಹೈಡ್ರೋಕ್ಲೋರಿಕ್ ಆಮ್ಲ, ಗಂಧಕಾಮ್ಲದಂಥವು) ಶೀಘ್ರವಾಗಿ ಅಲ್ಲ. ಹನಿ ಬಿದ್ದ ಜಾಗದಲ್ಲಿ ಕ್ಷಣಕಾಲ ಪ್ರತ್ಯಾಮ್ಲ ಹೆಚ್ಚಾಗಿ ಬಣ್ಣ ಏಳುತ್ತದೆ, ಉಳಿದ ಅನಿಲ ನಿಧಾನವಾಗಿ ವರ್ತಿಸಿದಂತೆ ಅದು ಆರುತ್ತದೆ. ಹಾಗಾಗಿ ಮಾಸುವುದು ಇನ್ನೂ ಆಮ್ಲತೆ ಉಳಿದಿರುವುದರ ಗುರುತು. ಫ್ಲಾಸ್ಕನ್ನು ರಭಸವಾಗಿ ಕುಲುಕಬೇಡಿ, ಕುಲುಕಿದರೆ ಅಳೆಯಬೇಕಾದ ಅನಿಲವೇ ಹೊರಹೋಗುತ್ತದೆ. ಫ್ಲಾಸ್ಕನ್ನು ಬಿಳಿ ಟೈಲಿನ ಮೇಲೆ ಮೆಲ್ಲಗೆ ತಿರುಗಿಸುತ್ತಾ, ಕೊನೆಯಲ್ಲಿ ಒಂದೊಂದೇ ಹನಿ ಹಾಕುತ್ತಾ, ತೀರಾ ತೆಳುವಾದ ಗುಲಾಬಿ ಸುಮಾರು ಅರ್ಧ ನಿಮಿಷ ನಿಂತಾಗ ನಿಲ್ಲಿಸಿ. ಎದ್ದು ಕಾಣುವ ಗುಲಾಬಿ ಬರುವವರೆಗೆ ಕಾಯುವುದು ನಮ್ಮ ಕಾಲೇಜು ಪ್ರಾಕ್ಟಿಕಲ್‌ಗಳಲ್ಲಿ ಅಂಟಿಕೊಂಡ ಅಭ್ಯಾಸ; ಇಲ್ಲಿ ಅದು ಅಂತ್ಯಬಿಂದುವನ್ನು, ಅಂದರೆ ನಿಲ್ಲಿಸಬೇಕಾದ ಹಂತವನ್ನು, ದಾಟಿಸಿಬಿಡುತ್ತದೆ. ಪಿಎಚ್ 8.3ರ ಬಫರ್ ದ್ರಾವಣವನ್ನು (ಪಿಎಚ್ ಸುಲಭವಾಗಿ ಬದಲಾಗದ ದ್ರಾವಣ) ಅಂಥದೇ ಇನ್ನೊಂದು ಫ್ಲಾಸ್ಕಿಗೆ ಅಷ್ಟೇ ಪ್ರಮಾಣದಲ್ಲಿ ಹಾಕಿ, ಅಷ್ಟೇ ಹನಿ ಸೂಚಕ ಬೆರೆಸಿ ಪಕ್ಕದಲ್ಲಿಟ್ಟುಕೊಂಡರೆ ಕಣ್ಣಿಗೆ ಆಧಾರ ಸಿಗುತ್ತದೆ. ಅರ್ಧ ನಿಮಿಷದ ನಂತರವೂ, ನಿಮಿಷಗಳು ಕಳೆದಂತೆ ಬಣ್ಣ ಮತ್ತೆ ಹೋಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುವುದರಿಂದ. ಅದರ ಹಿಂದೆ ಓಡಬೇಡಿ. ನಲ್ಲಿ ನೀರಿನ ಮಾದರಿಯಾದರೆ ಇನ್ನೊಂದು ಕಾರಣವಿದೆ: ಉಳಿದ ಕ್ಲೋರಿನ್ ಸೂಚಕದ ಬಣ್ಣವನ್ನೇ ಕೆಡಿಸುತ್ತದೆ. ಅದಕ್ಕೆ 0.1 ನಾರ್ಮಲ್ ಸೋಡಿಯಂ ಥಯೊಸಲ್ಫೇಟ್‌ನ ಒಂದು ಹನಿಯನ್ನು ಮೊದಲೇ ಹಾಕಿದರೆ ಸಾಕು.

ಸೋಡಿಯಂ ಹೈಡ್ರಾಕ್ಸೈಡ್ ವಿಷಯದಲ್ಲಿ ಸಹ ಅಡ್ಡಿಪಡಿಸುವುದು ಅದೇ ಅನಿಲ. ಡಬ್ಬಿಯ ಮುಚ್ಚಳ ತೆಗೆದು ತೂಗುವಷ್ಟರಲ್ಲಿ ಗುಳಿಗೆಗಳು ಒದ್ದೆಯಾಗಿ ಹೊಳೆಯತೊಡಗುವುದನ್ನು ನೀವು ಕಂಡಿರುತ್ತೀರಿ. ತೇವದ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಅವು ಹೀರಿಕೊಂಡು ಭಾಗಶಃ ಕಾರ್ಬೊನೇಟ್ ಆಗುತ್ತವೆ. ಆದ್ದರಿಂದ ಎಷ್ಟೇ ನಿಖರವಾಗಿ ತೂಗಿದರೂ ತೂಕದಿಂದ ಸಾಮರ್ಥ್ಯವನ್ನು ಹೇಳಲಾಗದು. ಸಮತೂಕದ ನೀರಿನಲ್ಲಿ ಕರಗಿಸಿದ ಗಟ್ಟಿ ದ್ರಾವಣದಲ್ಲಿ ಸೋಡಿಯಂ ಕಾರ್ಬೊನೇಟ್ ಕರಗದೆ ತಳಕ್ಕೆ ಕೂರುವುದರಿಂದ, ಮೇಲಿನ ತಿಳಿಯನ್ನು ತೆಗೆದು, 15 ನಿಮಿಷ ಕುದಿಸಿ ಮುಚ್ಚಿ ಆರಿಸಿದ ಡಿಸ್ಟಿಲ್ಡ್ ನೀರಿನಲ್ಲಿ ತೆಳುವಾಗಿಸುವುದು ಒಳ್ಳೆಯ ಕ್ರಮ. ನಂತರ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್‌ನಿಂದ ಸಾಮರ್ಥ್ಯ ನಿಗದಿಪಡಿಸಿ. 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಒಣಗಿಸಿ ಡೆಸಿಕೇಟರ್‌ನಲ್ಲಿ ಆರಿಸಿದ ಆ ಹರಳಿನ 0.1021 ಗ್ರಾಂ, 0.02 ನಾರ್ಮಲ್ ದ್ರಾವಣದ 25.0 ಮಿಲಿಲೀಟರಿಗೆ ಸಮ. ನಿಮಗೆ 26.3 ಮಿಲಿಲೀಟರ್ ಬೇಕಾಯಿತೆಂದರೆ ದ್ರಾವಣ 0.019ಕ್ಕೆ ಇಳಿದಿದೆ, ಅದನ್ನು 0.02 ಎಂದೇ ಬರೆದು ಲೆಕ್ಕ ಹಾಕಿದ ಪ್ರತಿಯೊಂದು ವರದಿಯೂ ನೂರಕ್ಕೆ ಐದರಷ್ಟು ಹೆಚ್ಚು ತೋರಿಸುತ್ತದೆ. ದ್ರಾವಣವನ್ನು ಗಾಜಿನ ಮುಚ್ಚಳದ ಬಾಟಲಿಯಲ್ಲಿಡಬೇಡಿ, ಮುಚ್ಚಳ ಕಚ್ಚಿಕೊಳ್ಳುತ್ತದೆ. ಬಿಗಿಯಾದ ಪಾಲಿಥೀನ್ ಬಾಟಲಿ ಬಳಸಿ.

ಪ್ರಶ್ನೆ: ಆಮ್ಲತೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟ್‌ನ ಮಿಲಿಗ್ರಾಂಗಳಲ್ಲಿ ಬರೆಯುವುದು ವಿಚಿತ್ರವಲ್ಲವೇ? ಅದು ಆಮ್ಲವೇ ಅಲ್ಲ. (ಪಿಯು ಉಪನ್ಯಾಸಕರು, ತುಮಕೂರು)

ಉತ್ತರ: ನೀರಿನಲ್ಲಿ ಅಷ್ಟು ಕಾರ್ಬೊನೇಟ್ ಇದೆ ಎಂದು ಅದರ ಅರ್ಥವಲ್ಲ; ಅಷ್ಟು ಕಾರ್ಬೊನೇಟ್‌ಗೆ ರಾಸಾಯನಿಕವಾಗಿ ಸಮನಾದ ಆಮ್ಲವಿದೆ ಎಂದರ್ಥ. ಗಡಸುತನ, ಕ್ಷಾರತೆ, ಆಮ್ಲತೆ ಮೂರನ್ನೂ ಒಂದೇ ಮಾನದಲ್ಲಿ ಬರೆದರೆ ಕೂಡಲು ಕಳೆಯಲು ಅನುಕೂಲ. ಬ್ಯುರೆಟ್ಟಿನ ಮಿಲಿಲೀಟರನ್ನು ನಾರ್ಮಾಲಿಟಿಯಿಂದಲೂ 50,000ದಿಂದಲೂ ಗುಣಿಸಿ ಮಾದರಿಯ ಮಿಲಿಲೀಟರಿನಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಆಮ್ಲತೆ ಪೂರ್ತಿಯಾಗಿ ಇಂಗಾಲದ ಡೈಆಕ್ಸೈಡಿನದೇ ಆಗಿದ್ದರೆ ಆ ಸಂಖ್ಯೆಯನ್ನು 0.88ರಿಂದ ಗುಣಿಸಿ ಅನಿಲದ ಪ್ರಮಾಣವನ್ನು ಪಡೆಯಬಹುದು.

ಪ್ರಶ್ನೆ: ಮೀಥೈಲ್ ಆರೆಂಜ್ ಬಳಸಿಯೂ ಟೈಟ್ರೇಟ್ ಮಾಡಲೇಬೇಕೇ? (ಎಂ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ)

ಉತ್ತರ: ಪಿಎಚ್ 3.7ರ ಆಸುಪಾಸಿನ ಆ ಅಂತ್ಯಬಿಂದು ಖನಿಜಾಮ್ಲಗಳನ್ನು ಪ್ರತ್ಯೇಕವಾಗಿ ತೋರಿಸಲು ಇದೆ. ಮಾದರಿಯ ಪಿಎಚ್ 4.5ಕ್ಕಿಂತ ಮೇಲಿದ್ದರೆ ಸೂಚಕ ಮೊದಲ ಹನಿಗೇ ಹಳದಿಯಾಗಿರುತ್ತದೆ, ಟೈಟ್ರೇಟ್ ಮಾಡಲು ಏನೂ ಉಳಿದಿರುವುದಿಲ್ಲ. ಕಾರ್ಖಾನೆ ಅಥವಾ ಗಣಿಯ ನೀರಿಗೆ ಅದು ಬೇಕು, ಬಾವಿ ನೀರಿಗೆ ಸಾಮಾನ್ಯವಾಗಿ ಬೇಡ.

ಪ್ರಶ್ನೆ: ಆಮ್ಲತೆ 46 ಇರುವ ನೀರನ್ನು ಕುಡಿಯಬಹುದೇ? ಸುಣ್ಣ ಹಾಕಿದರೆ ಸರಿಹೋಗುತ್ತದೆಯೇ? (ಬಂಟ್ವಾಳದ ಅದೇ ಪತ್ರದ ಮುಂದುವರಿಕೆ)

ಉತ್ತರ: ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಆಮ್ಲತೆಗೆ ಮಿತಿಯನ್ನು ಹೇಳಿಲ್ಲ, ಪಿಎಚ್ 6.5ರಿಂದ 8.5ರೊಳಗೆ ಇರಬೇಕೆಂದು ಹೇಳಿದೆ. ಕರಗಿದ ಇಂಗಾಲದ ಡೈಆಕ್ಸೈಡ್ ತಾನಾಗಿ ದೇಹಕ್ಕೆ ಕೆಡುಕಲ್ಲ. ಚಿಂತೆ ಇರುವುದು ಅದು ಕೊಳವೆಯಿಂದ ಕರಗಿಸಿ ತರುವ ಲೋಹದ ಬಗ್ಗೆ: ಜಿಐ ಪೈಪಿನ ಸತು ಮತ್ತು ಕಬ್ಬಿಣ, ತಾಮ್ರದ ಪೈಪಿನ ತಾಮ್ರ, ಹಳೆಯ ಹಿತ್ತಾಳೆ ನಲ್ಲಿಯ ಸೀಸ. ತಾಮ್ರದ ಪೈಪಿರುವ ಸ್ನಾನದ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗದಲ್ಲಿ ಹಸಿರು ನೀಲಿ ಕಲೆ ಕಂಡರೆ ನೀರು ಪೈಪನ್ನು ತಿನ್ನುತ್ತಿದೆ ಎಂದು ತಿಳಿಯಿರಿ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಕುಡಿಯಲು ಹಿಡಿಯದೆ ಹರಿಯಬಿಡಿ, ಗಿಡಗಳಿಗೆ ಆದೀತು.

ಸುಣ್ಣದ ಲೆಕ್ಕ ಸರಳ. ಶುದ್ಧವಾದ ಅರಳಿದ ಸುಣ್ಣವಾದರೆ ಆಮ್ಲತೆಯ ಪ್ರತಿ ಮಿಲಿಗ್ರಾಂಗೆ 0.74 ಮಿಲಿಗ್ರಾಂ, ಅಂದರೆ 1000 ಲೀಟರಿನ ಟ್ಯಾಂಕಿಗೆ ಸುಮಾರು 34 ಗ್ರಾಂ. ಅಂಗಡಿಯ ಸುಣ್ಣ ಅಷ್ಟು ಶುದ್ಧವಿರುವುದಿಲ್ಲ, ಗಾಳಿಗೆ ತೆರೆದಿಟ್ಟದ್ದು ಅರ್ಧ ಸತ್ತಿರುತ್ತದೆ. ಆದ್ದರಿಂದ ಲೆಕ್ಕಕ್ಕಿಂತ ಕಡಿಮೆಯಿಂದ ಆರಂಭಿಸಿ, ಕಲಸಿ, ಪಿಎಚ್ ನೋಡುತ್ತಾ ಏರಿಸಬೇಕು. ಬಾವಿಗೆ ಬುಟ್ಟಿಗಟ್ಟಲೆ ಸುಣ್ಣ ಸುರಿಯುವುದರಿಂದ ಪಿಎಚ್ 8.5ನ್ನು ದಾಟಿ ನೀರು ಬಾಯಿಗಿಡಲಾಗದಂತೆ ಆಗಬಹುದು, ಕೆಲವು ವಾರಗಳಲ್ಲಿ ಹೊಸ ಒರತೆ ಬಂದು ಮತ್ತೆ ಮೊದಲಿನಂತೆಯೂ ಆಗಬಹುದು. ನೀರನ್ನು ಸುಣ್ಣಕಲ್ಲಿನ ಜಲ್ಲಿಯ ಮೂಲಕ ಹಾಯಿಸುವುದು ಹೆಚ್ಚು ನೆಮ್ಮದಿಯ ದಾರಿ, ಏಕೆಂದರೆ ಅನಿಲ ತೀರುತ್ತಾ ಬಂದಂತೆ ಕಲ್ಲು ಕರಗುವುದು ತಾನಾಗಿಯೇ ಕುಂಠಿತವಾಗುತ್ತದೆ.

ಪ್ರಶ್ನೆ: ಇಲ್ಲಿ ಹಳೆಯ ಕಲ್ಲಿದ್ದಲು ಗುಂಡಿಗಳ ಪಕ್ಕದ ತೊರೆಯ ತಳವೆಲ್ಲ ಕೆಂಪು. ಮಕ್ಕಳೊಂದಿಗೆ ಆ ನೀರನ್ನು ಟೈಟ್ರೇಟ್ ಮಾಡಿದರೆ ಫ್ಲಾಸ್ಕಿನಲ್ಲಿ ತುಕ್ಕಿನ ಬಣ್ಣದ ಗಸಿ ಬರುತ್ತದೆ, ಅಂತ್ಯಬಿಂದು ಜಾರುತ್ತಲೇ ಹೋಗುತ್ತದೆ. (ಶಾಲಾ ಶಿಕ್ಷಕರಾಗಿರುವ ಕನ್ನಡಿಗ ಓದುಗರು, ಜೈಂತಿಯಾ ಬೆಟ್ಟಗಳು, ಮೇಘಾಲಯ)

ಉತ್ತರ: ನಿಮ್ಮಲ್ಲಿಯ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಅದರಲ್ಲಿರುವ, ಕಬ್ಬಿಣ ಮತ್ತು ಗಂಧಕದ ಖನಿಜವಾದ ಪೈರೈಟ್ ಗಾಳಿ ನೀರು ತಾಗಿ ಗಂಧಕಾಮ್ಲವನ್ನೂ ಕರಗಿದ ಕಬ್ಬಿಣವನ್ನೂ ಕೊಡುತ್ತದೆ. ಅಲ್ಲಿನ ಇಲಿಬಿಲ ಗಣಿಗಾರಿಕೆಯನ್ನು (ಇಕ್ಕಟ್ಟಾದ ಸುರಂಗ ಕೊರೆದು ಕಲ್ಲಿದ್ದಲು ತೆಗೆಯುವುದು) ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2014ರಲ್ಲಿ ನಿಷೇಧಿಸಿತು; ಆದರೆ ತೆರೆದುಬಿಟ್ಟ ಗುಂಡಿಗಳಲ್ಲಿ ಈ ಕ್ರಿಯೆ ಯಾವ ಆದೇಶಕ್ಕೂ ಕಾಯದೆ ನಡೆಯುತ್ತಿರುತ್ತದೆ. ಇಂಥ ನೀರಿನ ಆಮ್ಲತೆಯಲ್ಲಿ ದೊಡ್ಡ ಪಾಲು ಲೋಹಗಳದ್ದು. ಫೆರಸ್ ಕಬ್ಬಿಣ ಉತ್ಕರ್ಷಣಗೊಂಡು ಹೈಡ್ರಾಕ್ಸೈಡ್ ಆಗಿ ಗಸಿಯಾಗುವಾಗ ಆಮ್ಲ ಬಿಡುಗಡೆಯಾಗುತ್ತದೆ. ಲೀಟರಿಗೆ 56 ಮಿಲಿಗ್ರಾಂ ಫೆರಸ್ ಕಬ್ಬಿಣವೆಂದರೆ 100 ಮಿಲಿಗ್ರಾಂ ಆಮ್ಲತೆ. ತಣ್ಣಗಿನ ಫ್ಲಾಸ್ಕಿನಲ್ಲಿ ಈ ಕ್ರಿಯೆ ನಿಧಾನವಾಗಿ ನಡೆಯುವುದರಿಂದಲೇ ನಿಮ್ಮ ಅಂತ್ಯಬಿಂದು ಜಾರುತ್ತಿದೆ.

ಪರಿಹಾರವೆಂದರೆ ಆ ಕ್ರಿಯೆಯನ್ನು ಮೊದಲೇ ಮುಗಿಸಿಬಿಡುವುದು. ಮಾದರಿಯ ಪಿಎಚ್ 4ಕ್ಕಿಂತ ಮೇಲಿದ್ದರೆ 0.02 ನಾರ್ಮಲ್ ಗಂಧಕಾಮ್ಲವನ್ನು ಅಳೆದು ಹಾಕಿ 4ಕ್ಕೆ ಅಥವಾ ಕೆಳಗೆ ತನ್ನಿ. ಶೇಕಡ 30ರ ಹೈಡ್ರೋಜನ್ ಪೆರಾಕ್ಸೈಡ್‌ನ ಐದು ಹನಿ ಹಾಕಿ, ಎರಡರಿಂದ ಐದು ನಿಮಿಷ ಕುದಿಸಿ, ಪೂರ್ತಿ ಆರಿಸಿ, ನಂತರ ಟೈಟ್ರೇಟ್ ಮಾಡಿ. ಹಾಕಿದ ಆಮ್ಲವನ್ನು ಉತ್ತರದಿಂದ ಕಳೆಯಿರಿ. ಗಸಿಯ ನಡುವೆ ಗುಲಾಬಿ ಬಣ್ಣ ಕಾಣದ ಕಾರಣ ಸೂಚಕವನ್ನು ಬಿಟ್ಟು ಪಿಎಚ್ ಮೀಟರಿನಲ್ಲಿ 8.3 ನೋಡಿ ನಿಲ್ಲಿಸಿ, ಪ್ರತಿ ಮಾದರಿಯ ನಂತರ ಎಲೆಕ್ಟ್ರೋಡಿಗೆ ಅಂಟಿದ ಗಸಿಯನ್ನು ತೊಳೆಯಿರಿ. ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗುವುದರಿಂದ ಈ ಸಂಖ್ಯೆಯಲ್ಲಿ ಅದರ ಪಾಲು ಸೇರಿರುವುದಿಲ್ಲ. ಬಿಸಿ ಪೆರಾಕ್ಸೈಡ್ ಕ್ರಮ ಎಂದು ವರದಿಯಲ್ಲಿ ಬರೆಯಲೇಬೇಕು. ಇಷ್ಟು ಗಟ್ಟಿಯಾದ ಪೆರಾಕ್ಸೈಡ್ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಆದ್ದರಿಂದ ಅದನ್ನು ಹಾಕುವ ಕೆಲಸವನ್ನು ಕೈಗವಸು ಮತ್ತು ಕನ್ನಡಕ ಧರಿಸಿ ನೀವೇ ಮಾಡಿ, ಮಕ್ಕಳಿಗೆ ಬಿಡಬೇಡಿ.

ಕಬ್ಬಿಣವನ್ನೂ ಅಳೆಯಿಸುವ ಉದ್ದೇಶವಿದ್ದರೆ ಅದಕ್ಕೆ ಬೇರೆಯೇ ಬಾಟಲಿ ಹಿಡಿಯಿರಿ. ಲೋಹಗಳ ಮಾದರಿ ಕೆಡದಂತೆ ಅದಕ್ಕೆ ನೈಟ್ರಿಕ್ ಆಮ್ಲ ಹಾಕುತ್ತಾರೆ. ಆ ಬಾಟಲಿ ಅಕಸ್ಮಾತ್ ಆಮ್ಲತೆಯ ಪರೀಕ್ಷೆಗೆ ಹೋದರೆ ಬ್ಯುರೆಟ್ ಅಳೆಯುವುದು ನೀವೇ ಹಾಕಿದ ಆಮ್ಲವನ್ನು. ಎರಡು ಬಾಟಲಿಗಳಿಗೂ ನೀರಿಗೆ ಅಳಿಸದ ಶಾಯಿಯಲ್ಲಿ, ಮುಚ್ಚಳದ ಮೇಲಲ್ಲದೆ ಬಾಟಲಿಯ ಮೈಮೇಲೆಯೇ ಹೆಸರು ಬರೆಯಿರಿ.